ನೆತ್ತರಿನ ಎಣಿಕೆ

ವೈದ್ಯಕೀಯ ವರದಿಗಳಲ್ಲಿ ಅತಿ ಹೆಚ್ಚು ಜನರ ಕೈಗೆ ಬರುವುದೂ ಅತಿ ಕಡಿಮೆ ಜನ ಪೂರ್ತಿಯಾಗಿ ಓದುವುದೂ ಒಂದೇ ಹಾಳೆ. ವೈದ್ಯರು ಅದನ್ನು 'ಸಿಬಿಸಿ' ಎನ್ನುತ್ತಾರೆ. ಕನ್ನಡದಲ್ಲಿ 'ಸಂಪೂರ್ಣ ರಕ್ತಕಣ ಎಣಿಕೆ' ಎಂದು ಬರೆಯುವುದುಂಟು. ಮೊಣಕೈಯ ಮಡಿಕೆಯ ರಕ್ತನಾಳದಿಂದ ಎರಡು ಮೂರು ಮಿಲಿಲೀಟರಿನಷ್ಟು ರಕ್ತವನ್ನು ತೆಗೆದು ನೇರಳೆ ಮುಚ್ಚಳದ ಪುಟ್ಟ ನಳಿಕೆಗೆ ತುಂಬುತ್ತಾರೆ. ಆ ನಳಿಕೆಯ ಒಳಗೋಡೆಗೆ ಇಡಿಟಿಎ ಎಂಬ ಲವಣವನ್ನು ಮೊದಲೇ ಲೇಪಿಸಿರುತ್ತಾರೆ. ಅದು ರಕ್ತದಲ್ಲಿರುವ ಕ್ಯಾಲ್ಸಿಯಮ್ಮನ್ನು ಹಿಡಿದಿಟ್ಟುಕೊಳ್ಳುವುದರಿಂದ ರಕ್ತ ಹೆಪ್ಪುಗಟ್ಟುವುದಿಲ್ಲ. ಮುಂದೆ ಯಂತ್ರದ ಕೆಲಸ; ಒಂದೆರಡು ನಿಮಿಷಗಳಲ್ಲಿ ಹಾಳೆ ಸಿದ್ಧ. ಹಿಮೋಗ್ಲೋಬಿನ್, ಕೆಂಪುಕಣಗಳ ಸಂಖ್ಯೆ, ಅವುಗಳ ಸರಾಸರಿ ಗಾತ್ರ, ಬಿಳಿಕಣಗಳ ಸಂಖ್ಯೆ, ಅವುಗಳ ಐದು ಪಂಗಡಗಳ ಪಾಲು, ಪ್ಲೇಟ್‌ಲೆಟ್‌ಗಳು, ಹೀಗೆ ಸುಮಾರು ಇಪ್ಪತ್ತು ಸಾಲು. 'ಸಂಪೂರ್ಣ' ಎಂಬ ವಿಶೇಷಣ ಮಾತ್ರ ಸ್ವಲ್ಪ ಅತಿಯಾಯಿತು. ರಕ್ತದಲ್ಲಿರುವ ಸಕ್ಕರೆ, ಉಪ್ಪು, ಕೊಬ್ಬು ಯಾವುದನ್ನೂ ಈ ಹಾಳೆ ಹೇಳುವುದಿಲ್ಲ. ಅದು ಹೇಳುವುದು ಕಣಗಳ ಲೆಕ್ಕವನ್ನು ಮಾತ್ರ.

ಹಳೆಯ ವೈದ್ಯಗ್ರಂಥಗಳ ಪ್ರತಿಗಳೊಡನೆ ಬಹುಕಾಲ ಕಳೆದಿರುವ ನನಗೆ ಈ ಲೆಕ್ಕದ ಹುಟ್ಟು ಕುತೂಹಲದ ಸಂಗತಿ. ಉಗ್ರಾದಿತ್ಯನ 'ಕಲ್ಯಾಣಕಾರಕ', ಮಂಗರಾಜನ 'ಖಗೇಂದ್ರಮಣಿದರ್ಪಣ' ಮುಂತಾದ ಕೃತಿಗಳನ್ನು ಕೊಟ್ಟ ನಾಡು ನಮ್ಮದು. ಆ ಪರಂಪರೆಯ ವೈದ್ಯರಿಗೆ ರಕ್ತಹೀನತೆ ಅಪರಿಚಿತವಾಗಿರಲಿಲ್ಲ. ಚರಕಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಪಾಂಡುರೋಗಕ್ಕೆ ಒಂದು ಇಡೀ ಅಧ್ಯಾಯವೇ ಇದೆ. ಅಲ್ಲಿ ಹೇಳಿರುವ ಔಷಧಗಳಲ್ಲಿ ಕಬ್ಬಿಣ ಸೇರಿದೆ. ಪಾಂಡು ಎಂದರೆ ಬಿಳಿಚಿದ ಬಣ್ಣ. ರೋಗದ ಹೆಸರೇ ಅದನ್ನು ಕಂಡುಹಿಡಿಯುವ ವಿಧಾನವನ್ನೂ ಹೇಳುತ್ತದೆ: ವೈದ್ಯನು ರೋಗಿಯ ಕಣ್ಣಿನ ಕೆಳರೆಪ್ಪೆಯನ್ನು ಎಳೆದು ನೋಡುತ್ತಿದ್ದನು, ನಾಲಗೆಯನ್ನು ನೋಡುತ್ತಿದ್ದನು, ಉಗುರನ್ನು ನೋಡುತ್ತಿದ್ದನು. ಇಂದಿನ ವೈದ್ಯರೂ ಮೊದಲು ಮಾಡುವುದು ಅದನ್ನೇ. ಆದರೆ ಬಣ್ಣ ಇಳಿದಿರುವುದು ಕಣ್ಣಿಗೆ ತಿಳಿಯುವ ಹೊತ್ತಿಗೆ ಬಹಳಷ್ಟು ಇಳಿದಾಗಿರುತ್ತದೆ. ನಮ್ಮವರ ಕಂದುಮೈಯಲ್ಲಂತೂ ಅದು ಇನ್ನೂ ತಡವಾಗಿ ಕಾಣುತ್ತದೆ.

ರಕ್ತದ ಕೆಂಪುಕಣಗಳನ್ನು ಡಚ್ ವರ್ತಕ ಲೇವನ್‌ಹುಕ್ ತಾನೇ ಉಜ್ಜಿ ಮಾಡಿದ ಮಸೂರದಲ್ಲಿ ನೋಡಿ ವರ್ಣಿಸಿದ್ದು 1674ರಲ್ಲಿ. ಅವುಗಳನ್ನು ಎಣಿಸಬೇಕೆಂಬ ಯೋಚನೆ ಕಾರ್ಯಕ್ಕೆ ಬರಲು ಮತ್ತೆ ಸುಮಾರು 180 ವರ್ಷಗಳು ಬೇಕಾದವು. 1852ರಲ್ಲಿ ಜರ್ಮನಿಯ ಕಾರ್ಲ್ ಫೀರೋರ್ಟ್ ಎಂಬ ವಿದ್ವಾಂಸನು ರಕ್ತಕಣಗಳ ಎಣಿಕೆಯ ಕ್ರಮವೊಂದನ್ನು ಪ್ರಕಟಿಸಿದನು. ಒಂದೊಂದು ಮಾದರಿಗೂ ಗಂಟೆಗಟ್ಟಲೆ ಹಿಡಿಯುತ್ತಿದ್ದ ಕೆಲಸವದು. 1877ರಲ್ಲಿ ಇಂಗ್ಲೆಂಡಿನ ವೈದ್ಯ ವಿಲಿಯಂ ಗವರ್ಸ್ ಗಾಜಿನ ಮೇಲೆ ಚೌಕಗಳನ್ನು ಗೀರಿದ ಎಣಿಕೆಯ ಸಾಧನವನ್ನು ರೂಪಿಸಿದ ಮೇಲೆ ಅದು ಆಸ್ಪತ್ರೆಗಳಿಗೆ ಬಂದಿತು. 1879ರಲ್ಲಿ ಪೌಲ್ ಎರ್ಲಿಕ್ ಬಟ್ಟೆಯ ಬಣ್ಣಗಳನ್ನು ರಕ್ತಕ್ಕೆ ಹಚ್ಚಿ ಬಿಳಿಕಣಗಳಲ್ಲಿ ಪಂಗಡಗಳಿರುವುದನ್ನು ತೋರಿಸಿದನು. ಇಟಲಿಯ ಬಿಜೊಜೆರೊ 1882ರಲ್ಲಿ ಪ್ಲೇಟ್‌ಲೆಟ್‌ಗಳನ್ನು ಪ್ರತ್ಯೇಕ ಘಟಕಗಳೆಂದು ಗುರುತಿಸಿದನು. ಅಂದರೆ ಇಂದಿನ ಹಾಳೆಯ ಮುಖ್ಯ ಸಾಲುಗಳೆಲ್ಲವೂ ಹತ್ತೊಂಬತ್ತನೆಯ ಶತಮಾನ ಮುಗಿಯುವ ಮೊದಲೇ ಹುಟ್ಟಿದವು.

ನಾನು ಕಾಲೇಜಿನಲ್ಲಿದ್ದಾಗ ನಮ್ಮ ಪೇಟೆಯಲ್ಲಿದ್ದ ಒಂದೇ ಒಂದು ಲ್ಯಾಬಿನಲ್ಲಿ ಎಣಿಕೆ ಕೈಯಿಂದಲೇ ನಡೆಯುತ್ತಿತ್ತು. ಅಲ್ಲಿನ ತಂತ್ರಜ್ಞರು ನಮ್ಮ ತಂದೆಯ ಸ್ನೇಹಿತರು. ಬಿಡುವಿದ್ದಾಗ ನನ್ನನ್ನು ಸೂಕ್ಷ್ಮದರ್ಶಕದ ಮುಂದೆ ಕೂರಿಸುತ್ತಿದ್ದರು. ರಕ್ತವನ್ನು ಸಣ್ಣ ಗಾಜಿನ ಕೊಳವೆಗೆ ಬಾಯಿಂದಲೇ ಹೀರಿ ಗುರುತಿಗೆ ಸರಿಯಾಗಿ ನಿಲ್ಲಿಸಿ, ಬಿಳಿಕಣಕ್ಕಾದರೆ ಇಪ್ಪತ್ತು ಪಟ್ಟು, ಕೆಂಪುಕಣಕ್ಕಾದರೆ ಇನ್ನೂರು ಪಟ್ಟು ದ್ರಾವಣ ಬೆರೆಸುತ್ತಿದ್ದರು. ಗಾಜಿನ ಎಣಿಕೆಮನೆಯ ಆಳ ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗ. ನಾಲ್ಕು ಮೂಲೆಯ ಚೌಕಗಳಲ್ಲಿ ಕಂಡ ಬಿಳಿಕಣಗಳನ್ನು ಎಣಿಸಿ ಐವತ್ತರಿಂದ ಗುಣಿಸಿದರೆ ಒಂದು ಘನ ಮಿಲಿಮೀಟರಿನ ಲೆಕ್ಕ ಸಿಗುತ್ತದೆ. ಗೆರೆಯ ಮೇಲೆ ಕುಳಿತ ಕಣವನ್ನು ಯಾವ ಮನೆಗೆ ಸೇರಿಸುವುದು? ಎಡ ಮತ್ತು ಮೇಲಿನ ಗೆರೆಯವು ಲೆಕ್ಕಕ್ಕೆ, ಬಲ ಮತ್ತು ಕೆಳಗಿನವು ಬಿಡುವುದಕ್ಕೆ ಎಂದು ಅವರು ಹೇಳಿಕೊಟ್ಟಿದ್ದರು. ಹಿಮೋಗ್ಲೋಬಿನ್ನಿಗೆ ಸಾಹ್ಲಿಯ ವಿಧಾನ: ಒಂದು ಹನಿ ರಕ್ತವನ್ನು ಆಮ್ಲಕ್ಕೆ ಬೆರೆಸಿದಾಗ ಅದು ಕಂದುಬಣ್ಣಕ್ಕೆ ತಿರುಗುತ್ತದೆ, ಪಕ್ಕದ ಕಂದು ಗಾಜಿನ ಬಣ್ಣಕ್ಕೆ ಹೊಂದುವವರೆಗೆ ಹನಿಹನಿಯಾಗಿ ನೀರು ಸೇರಿಸುತ್ತ ಹೋಗಬೇಕು. ಮೋಡ ಮುಚ್ಚಿದ ಮಲೆನಾಡಿನ ಮಧ್ಯಾಹ್ನದಲ್ಲಿ ಕಿಟಕಿಯ ಬಳಿ ನಿಂತು ಆ ಎರಡು ಕಂದುಗಳನ್ನು ಹೋಲಿಸುವುದು ಎಷ್ಟು ಕಷ್ಟವೆಂಬುದು ಮಾಡಿದವರಿಗೇ ಗೊತ್ತು. ಒಂದೇ ರಕ್ತಕ್ಕೆ ಇಬ್ಬರು ಎರಡು ಅಂಕಿಗಳನ್ನು ಕೊಡುವುದು ಆಗ ದೋಷವೆನಿಸುತ್ತಿರಲಿಲ್ಲ.

ಈ ಕಣ್ಣಿನ ದುಡಿಮೆಯನ್ನು ತಪ್ಪಿಸಿದವನು ಅಮೆರಿಕದ ವಾಲೇಸ್ ಕೋಲ್ಟರ್. ಅವನ ಉಪಾಯ ಬಹಳ ಸರಳ. ಉಪ್ಪುನೀರಿನಲ್ಲಿ ಬೆರೆಸಿದ ರಕ್ತವನ್ನು ಕೂದಲೆಳೆಯಷ್ಟು ಸಣ್ಣ ರಂಧ್ರದ ಮೂಲಕ ಹರಿಸಿ, ಅದೇ ರಂಧ್ರದ ಮೂಲಕ ವಿದ್ಯುತ್ತನ್ನೂ ಹರಿಸುವುದು. ರಕ್ತಕಣ ವಿದ್ಯುತ್ತಿಗೆ ಅಡ್ಡಿ. ಒಂದೊಂದು ಕಣ ದಾಟಿದಾಗಲೂ ಪ್ರವಾಹ ಒಮ್ಮೆ ಮುಗ್ಗರಿಸುತ್ತದೆ. ಎಷ್ಟು ಸಲ ಮುಗ್ಗರಿಸಿತೆಂಬುದು ಕಣಗಳ ಸಂಖ್ಯೆ, ಎಷ್ಟು ಜೋರಾಗಿ ಮುಗ್ಗರಿಸಿತೆಂಬುದು ಕಣದ ಗಾತ್ರ. ಈ ತತ್ತ್ವಕ್ಕೆ 1953ರಲ್ಲಿ ಅವನಿಗೆ ಪೇಟೆಂಟ್ ದೊರೆಯಿತು. ಸಿಗರೇಟಿನ ಪೊಟ್ಟಣದ ತೆಳುಹಾಳೆಗೆ ಕಾದ ಸೂಜಿಯಿಂದ ತೂತು ಮಾಡಿ ಮೊದಲ ಪ್ರಯೋಗ ನಡೆಸಿದನೆಂಬ ಕಥೆಯೂ ಪ್ರಚಲಿತವಾಗಿದೆ. ಕೈಯೆಣಿಕೆಯಲ್ಲಿ ಕೆಲವು ನೂರು ಕಣಗಳನ್ನು ನೋಡಿ ಲಕ್ಷಗಳನ್ನು ಊಹಿಸಬೇಕಿತ್ತು. ಯಂತ್ರ ಕೆಲವೇ ಕ್ಷಣಗಳಲ್ಲಿ ಸಾವಿರಾರು ಕಣಗಳನ್ನು ನಿಜವಾಗಿ ಎಣಿಸುತ್ತದೆ. ಇಂದು ತಾಲ್ಲೂಕು ಕೇಂದ್ರದ ಸಾಧಾರಣ ಲ್ಯಾಬಿನಲ್ಲಿಯೂ ಇದೇ ತತ್ತ್ವದ ಪೆಟ್ಟಿಗೆಯೊಂದು ಕುಳಿತಿರುತ್ತದೆ.

ಇಷ್ಟೆಲ್ಲವನ್ನೂ ನಾನು ಓದಿಕೊಳ್ಳಲು ಕಾರಣ ನನ್ನ ಅಕ್ಕ.

ಅಕ್ಕ ಶಾಲಾ ಶಿಕ್ಷಕಿಯಾಗಿದ್ದು ನಿವೃತ್ತಳಾದವಳು. ಅರುವತ್ತಮೂರರಲ್ಲಿಯೂ ತೋಟದ ಇಳಿಜಾರನ್ನು ದಿನಕ್ಕೆರಡು ಬಾರಿ ಹತ್ತಿ ಇಳಿಯುತ್ತಿದ್ದವಳು ನಡುವೆ ಕುಳಿತು ಸುಧಾರಿಸಿಕೊಳ್ಳತೊಡಗಿದಳು. "ವಯಸ್ಸಾದ ಮೇಲೆ ಸುಸ್ತು ಬರದೆ ಹುಮ್ಮಸ್ಸು ಬರುತ್ತದೇನೋ ತಮ್ಮಾ?" ಎಂದು ನಗುತ್ತಿದ್ದಳು. ಪರ್ವದ ದಿನಗಳ ಉಪವಾಸ, ಒಪ್ಪೊತ್ತಿನ ಊಟ ಅವಳಿಗೆ ಚಿಕ್ಕಂದಿನಿಂದ ಬಂದ ಅಭ್ಯಾಸ. ನೆಂಟರಿಷ್ಟರು ಸುಸ್ತಿನ ಕಾರಣವನ್ನು ಅದಕ್ಕೇ ಕಟ್ಟಿದರು. ಒಂದು ಕಡೆ ತೋರಿಸಿದಾಗ ರಕ್ತ ಕಡಿಮೆಯಿದೆಯೆಂದು ಕಬ್ಬಿಣದ ಮಾತ್ರೆ ಬರೆದುಕೊಟ್ಟು ಕಳುಹಿಸಿದರು. ಇದರಲ್ಲಿ ಆಶ್ಚರ್ಯವೇನೂ ಇಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆಯಿದೆ. ಅಷ್ಟು ಸಾಮಾನ್ಯವಾದದ್ದನ್ನು ಯಾರೂ ರೋಗವೆಂದು ಎಣಿಸುವುದಿಲ್ಲ. ಹೆಣ್ಣಿನ ರಕ್ತಹೀನತೆ ನಮ್ಮಲ್ಲಿ ಒಂದು ಸ್ವಭಾವದಂತೆ ಸ್ವೀಕೃತವಾಗಿಬಿಟ್ಟಿದೆ. ನನಗೆ ಇದು ತೀರ ಅಸಹನೀಯವಾಗಿ ತೋರುತ್ತದೆ.

ಅಕ್ಕನಿಗೆ ಕಾಗದಗಳನ್ನು ಎಸೆಯುವ ಅಭ್ಯಾಸವಿಲ್ಲ. ಅವಳ ಬೀರುವಿನ ಕಡತದಿಂದ ಐದು ವರದಿಗಳು ದೊರೆತವು. ತಾರೀಖಿನ ಕ್ರಮದಲ್ಲಿ ಅವುಗಳನ್ನು ಮೇಜಿನ ಮೇಲೆ ಜೋಡಿಸಿದೆವು. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗೆ ಮುಂಚೆ ಮಾಡಿಸಿದ್ದರಲ್ಲಿ ಹಿಮೋಗ್ಲೋಬಿನ್ 12.6 ಗ್ರಾಂ, ಕೆಂಪುಕಣದ ಸರಾಸರಿ ಗಾತ್ರ, ಅಂದರೆ ಎಂಸಿವಿ, 88. ಎರಡು ವರ್ಷದ ಮೇಲೆ ಜ್ವರಕ್ಕೆಂದು ಮಾಡಿಸಿದ್ದರಲ್ಲಿ 11.3 ಮತ್ತು 79. ಮುಂದಿನದರಲ್ಲಿ 8.7. ಕಬ್ಬಿಣದ ಮಾತ್ರೆ ನುಂಗಿದ ನಾಲ್ಕು ತಿಂಗಳ ಕೊನೆಗೆ 9.9. ಮಾತ್ರೆ ನಿಲ್ಲಿಸಿದ ಮೇಲಿನದು 7.8, ಎಂಸಿವಿ 66. ಒಂದೊಂದೇ ಹಾಳೆಯನ್ನು ಅದರದರ ಕಾಲದಲ್ಲಿ ನೋಡಿದವರು ಬಲಬದಿಯ ಅಂಕಣದಲ್ಲಿರುವ 'ಸಾಮಾನ್ಯ ಮಿತಿ'ಯೊಡನೆ ಹೋಲಿಸಿರಬೇಕು. ಆ ಮಿತಿಯೆಂಬುದು ಆರೋಗ್ಯವಂತರ ಗುಂಪೊಂದರಲ್ಲಿ ನಡುವಿನ 95 ಪಾಲಿನ ಹರಹು, ಅಷ್ಟೆ. ಆರೋಗ್ಯವಾಗಿರುವ ನೂರು ಜನರಲ್ಲಿ ಐವರು ಅದರ ಹೊರಗೆ ಇದ್ದೇ ಇರುತ್ತಾರೆ. ರೋಗವಿದ್ದವರೂ ಬಹುಕಾಲ ಒಳಗೇ ಇರಬಹುದು. ಶಾಸನವೊಂದರ ಕಾಲವನ್ನು ಲಿಪಿಯಿಂದ ನಿರ್ಧರಿಸುವವನು ಅದೇ ಪ್ರದೇಶದ ಹಿಂದುಮುಂದಿನ ಶಾಸನಗಳನ್ನು ಪಕ್ಕದಲ್ಲಿಟ್ಟುಕೊಳ್ಳುತ್ತಾನೆ. ಅಕ್ಕನ ರಕ್ತಕ್ಕೆ ಅಕ್ಕನ ಹಳೆಯ ರಕ್ತವೇ ಸರಿಯಾದ ಹೋಲಿಕೆಯಾಗಿತ್ತು.

ಆ ಐದನ್ನೂ ತಾಲ್ಲೂಕು ಕೇಂದ್ರದ ವೈದ್ಯರೊಬ್ಬರಲ್ಲಿಗೆ ಒಯ್ದೆವು. ವಯಸ್ಸಿನಲ್ಲಿ ಚಿಕ್ಕವರು, ಕಾಗದಗಳನ್ನು ಅವಸರವಿಲ್ಲದೆ ಓದಿದರು. ಅವರ ತರ್ಕವನ್ನು ನಾನು ಕೇಳಿಕೊಂಡಂತೆ ಬರೆಯುತ್ತೇನೆ, ಏಕೆಂದರೆ ಈ ಹಾಳೆಯನ್ನು ಓದುವ ಬಗೆ ಅದರಲ್ಲಿದೆ. ಕೆಂಪುಕಣದ ಗಾತ್ರ 80ಕ್ಕಿಂತ ಕೆಳಗಿಳಿದರೆ ಮುಖ್ಯವಾಗಿ ಎರಡು ಸಂದೇಹಗಳು: ಕಬ್ಬಿಣದ ಕೊರತೆ, ಇಲ್ಲವೆ ಹುಟ್ಟಿನಿಂದ ಬಂದ ಥಲಸ್ಸೀಮಿಯಾದ ಲಕ್ಷಣ. ಥಲಸ್ಸೀಮಿಯಾದ ವಾಹಕರಲ್ಲಿ ಕಣಗಳು ಚಿಕ್ಕವಾದರೂ ಸಂಖ್ಯೆಯಲ್ಲಿ ಹೆಚ್ಚಿರುತ್ತವೆ; ಗಾತ್ರವನ್ನು ದಶಲಕ್ಷಗಳಲ್ಲಿ ಹೇಳಿದ ಸಂಖ್ಯೆಯಿಂದ ಭಾಗಿಸಿದಾಗ 13ಕ್ಕಿಂತ ಕಡಿಮೆ ಬಂದರೆ ಸಂದೇಹ ಆ ಕಡೆ ವಾಲುತ್ತದೆ. ಅಕ್ಕನ ಕೆಂಪುಕಣಗಳು 39 ಲಕ್ಷ, 66ನ್ನು 3.9ರಿಂದ ಭಾಗಿಸಿದರೆ ಸುಮಾರು 17. ಅಲ್ಲದೆ ಹುಟ್ಟಿನಿಂದ ಬಂದದ್ದಾದರೆ ಕೆಲವೇ ವರ್ಷಗಳ ಹಿಂದೆ 88 ಹೇಗೆ ಇರಲು ಸಾಧ್ಯ? ಪ್ಲೇಟ್‌ಲೆಟ್ 5,10,000ಕ್ಕೆ ಏರಿರುವುದೂ ಕಬ್ಬಿಣದ ಕೊರತೆಯಲ್ಲಿ ಕಾಣುವಂಥದೇ. ಮಾತ್ರೆಗೆ ಸ್ವಲ್ಪ ಏರಿತು, ಬಿಟ್ಟೊಡನೆ ಇಳಿಯಿತು. ಹಾಗಾದರೆ ಕಬ್ಬಿಣ ಎಲ್ಲಿಗೆ ಹೋಗುತ್ತಿದೆ?

ಇಲ್ಲಿ ಸ್ವಲ್ಪ ಗಣಿತ ಬೇಕು. ನಮ್ಮ ದೇಹದಲ್ಲಿರುವ ಕಬ್ಬಿಣ ಒಟ್ಟು ಮೂರು ನಾಲ್ಕು ಗ್ರಾಂ. ಕೆಂಪುಕಣವೊಂದು 120 ದಿನ ಬದುಕಿ ಸತ್ತಾಗ ಅದರೊಳಗಿನ ಕಬ್ಬಿಣವನ್ನು ದೇಹ ಬಿಡದೆ ಮತ್ತೆ ಬಳಸಿಕೊಳ್ಳುತ್ತದೆ; ದಿನಕ್ಕೆ ಹೊರಗೆ ಹೋಗುವುದು ಸುಮಾರು ಒಂದು ಮಿಲಿಗ್ರಾಂ ಮಾತ್ರ. ಊಟದಿಂದ ಒಳಬರುವುದೂ ಒಂದೆರಡು ಮಿಲಿಗ್ರಾಂ. ಮುಟ್ಟು ನಿಂತು ಹತ್ತಾರು ವರ್ಷಗಳಾದ ಹೆಂಗಸು ಊಟ ಕಡಿಮೆ ಮಾಡಿದ ಮಾತ್ರಕ್ಕೆ ಮೂರು ವರ್ಷಗಳಲ್ಲಿ ಈ ಮಟ್ಟಕ್ಕೆ ಇಳಿಯುವುದು ಕಷ್ಟ. ಆದರೆ ಒಂದು ಮಿಲಿಲೀಟರ್ ರಕ್ತದಲ್ಲಿ ಸುಮಾರು ಅರ್ಧ ಮಿಲಿಗ್ರಾಂ ಕಬ್ಬಿಣವಿದೆ. ದಿನಕ್ಕೆ ಎರಡು ಚಮಚದಷ್ಟು ರಕ್ತ ಕರುಳಿನಲ್ಲಿ ಸೋರಿದರೂ ಐದು ಮಿಲಿಗ್ರಾಂ ಹೋಯಿತು. ಅಷ್ಟು ರಕ್ತ ಮಲದಲ್ಲಿ ಕಣ್ಣಿಗೆ ಕಾಣದೆಯೂ ಇರಬಹುದು.

"ಟೀಚರ್, ತೊಟ್ಟಿಗೆ ಒಮ್ಮೆ ನೀರು ತುಂಬಿಸಿ ನೋಡಿದ್ದಾಯಿತು. ಇನ್ನು ತೂತು ಎಲ್ಲಿದೆ ಎಂದು ಹುಡುಕಬೇಕು," ಎಂದರು ಆ ವೈದ್ಯರು.

ಅಕ್ಕನಿಗೆ ಇಷ್ಟವಿರಲಿಲ್ಲ. ಕೊಳವೆ ತೂರಿಸಿ ನೋಡುವ ಪರೀಕ್ಷೆಯೆಂದರೆ ಸಂಕೋಚ. ಹೊಟ್ಟೆನೋವಿಲ್ಲ, ಹಸಿವಿದೆ, ಮತ್ತೇಕೆ ಎಂಬ ವಾದ. ವೈದ್ಯರು ಒತ್ತಾಯಿಸಲಿಲ್ಲ. ಐದು ಹಾಳೆಗಳನ್ನೂ ಅವಳ ಮುಂದಿಟ್ಟು, "ನಿಮ್ಮ ತರಗತಿಯ ಹುಡುಗನೊಬ್ಬನ ಅಂಕಗಳು ಹೀಗೆ ಇಳಿಯುತ್ತ ಬಂದಿದ್ದರೆ ನೀವು ಅವನ ಮನೆಗೆ ಹೋಗಿ ವಿಚಾರಿಸುತ್ತಿರಲಿಲ್ಲವೇ?" ಎಂದು ಕೇಳಿದರು. ಅವಳು ಸ್ವಲ್ಪ ಹೊತ್ತು ಹಾಳೆಗಳನ್ನೇ ನೋಡಿ ಒಪ್ಪಿದಳು.

ದೊಡ್ಡ ಕರುಳಿನ ಬಲಭಾಗದಲ್ಲಿ, ಅದು ಆರಂಭವಾಗುವ ಕಡೆಯಲ್ಲಿಯೇ, ಗಂಟು ಇತ್ತು. ಎಡಭಾಗದ ಗಂಟು ಮಲಬದ್ಧತೆಯಿಂದಲೋ ರಕ್ತದಿಂದಲೋ ಬೇಗ ಸುಳಿವು ಕೊಡುತ್ತದೆ. ಬಲಭಾಗದ್ದು ಬಹುಕಾಲ ಸದ್ದಿಲ್ಲದೆ ಸೋರುತ್ತದೆ. ರಕ್ತಹೀನತೆಯೇ ಅದರ ಮೊದಲ ಮಾತಾಗಿರುವುದು ಅಪರೂಪವಲ್ಲವಂತೆ. ಶಸ್ತ್ರಚಿಕಿತ್ಸೆಗೆ ಮುನ್ನ ಎರಡು ಬಾಟಲಿ ರಕ್ತ ಕೊಟ್ಟರು. ಒಂದು ಬಾಟಲಿಗೆ ಹಿಮೋಗ್ಲೋಬಿನ್ ಸುಮಾರು ಒಂದು ಗ್ರಾಂ ಏರುತ್ತದೆ ಎಂಬ ಅಂದಾಜಿಗೆ ಸರಿಯಾಗಿಯೇ ಏರಿತು. ಗಂಟನ್ನು ತೆಗೆದರು. ಪಕ್ಕದ ದುಗ್ಧಗ್ರಂಥಿಗಳಲ್ಲಿ ಎರಡಕ್ಕೆ ರೋಗ ತಗುಲಿದ್ದರಿಂದ ಮೂರು ವಾರಕ್ಕೊಮ್ಮೆ ಎಂಟು ಸುತ್ತು ಕೀಮೋಥೆರಪಿ ಆಗಬೇಕೆಂದರು.

ಆ ಆರು ತಿಂಗಳು ನಮ್ಮ ಮನೆಯ ಪಂಚಾಂಗವೇ ಸಿಬಿಸಿ. ಪ್ರತಿ ಸುತ್ತಿನ ಹಿಂದಿನ ದಿನ ರಕ್ತ ಕೊಡುವುದು, ಸಂಜೆ ಹಾಳೆ ತರುವುದು. ಔಷಧ ರೋಗದ ಕಣಗಳನ್ನು ಕೊಲ್ಲುವಾಗ ಎಲುಬಿನ ಮಜ್ಜೆಯ ಮೇಲೂ ಎರಗುತ್ತದೆ. ಕೆಂಪುಕಣಗಳಿಗೆ ನಾಲ್ಕು ತಿಂಗಳ ಆಯುಷ್ಯವಿರುವುದರಿಂದ ಅವು ನಿಧಾನವಾಗಿ ಇಳಿಯುತ್ತವೆ. ಪ್ಲೇಟ್‌ಲೆಟ್ ಬದುಕುವುದು ಎಂಟು ಹತ್ತು ದಿನ. ಸೋಂಕಿನೊಡನೆ ಹೋರಾಡುವ ನ್ಯೂಟ್ರೋಫಿಲ್ ರಕ್ತದಲ್ಲಿ ಉಳಿಯುವುದು ಒಂದು ದಿನಕ್ಕೂ ಕಡಿಮೆ. ಆದ್ದರಿಂದ ಮೊದಲು ಬೀಳುವುದೂ ಅದೇ. ಇಲ್ಲಿ ಹಾಳೆ ಕೊಡುವ ಶೇಕಡಾವಾರು ಅಂಕಿಯನ್ನು ಮಾತ್ರ ನೋಡಿ ಸಮಾಧಾನಪಟ್ಟುಕೊಳ್ಳುವಂತಿಲ್ಲ. ಮೂರನೆಯ ಸುತ್ತಿನ ಮುಂಚೆ ನ್ಯೂಟ್ರೋಫಿಲ್ ನೂರಕ್ಕೆ 36 ಇತ್ತು. ಆದರೆ ಒಟ್ಟು ಬಿಳಿಕಣಗಳೇ 2,500. ಗುಣಿಸಿ ನೋಡಿದರೆ 900. ಸಾಮಾನ್ಯವಾಗಿ 1,500 ಆದರೂ ಇರಬೇಕೆಂದು ನೋಡುತ್ತಾರೆ. ಆ ಸುತ್ತನ್ನು ಒಂದು ವಾರ ಮುಂದಕ್ಕೆ ಹಾಕಿದರು. ಆ ವಾರ ಮನೆಗೆ ಯಾರನ್ನೂ ಸೇರಿಸಲಿಲ್ಲ. ಹಬ್ಬಕ್ಕೆ ಬಂದ ಮೊಮ್ಮಗುವಿಗೆ ನೆಗಡಿಯಿದ್ದುದರಿಂದ ಅಕ್ಕ ಅದನ್ನು ಕಿಟಕಿಯಿಂದಲೇ ನೋಡಿ ಮಾತಾಡಿಸಿ ಕಳುಹಿಸಿದಳು.

ಆರನೆಯ ಸುತ್ತಿನ ಮುಂಚೆ ಬಂದ ಹಾಳೆಯಲ್ಲಿ ಪ್ಲೇಟ್‌ಲೆಟ್ 48,000. ಹಿಂದಿನದರಲ್ಲಿ 1,52,000 ಇತ್ತು. ಅವಳು ಪಡೆಯುತ್ತಿದ್ದ ಔಷಧ ಪ್ಲೇಟ್‌ಲೆಟ್‌ಗಳನ್ನು ಇಳಿಸಬಲ್ಲದು. ಆದ್ದರಿಂದ ಅಂಕಿ ಅಸಂಭವವೇನೂ ಆಗಿರಲಿಲ್ಲ. ಚಿಕಿತ್ಸೆ ನಿಲ್ಲಿಸಬೇಕಾದೀತೆಂಬ ಮಾತು ಬಂದಿತು. ಆದರೆ ಆಸ್ಪತ್ರೆಯ ರೋಗವಿಜ್ಞಾನದ ವೈದ್ಯೆ ಯಂತ್ರದ ಅಂಕಿಗೆ ಸಹಿ ಹಾಕುವ ಮೊದಲು ರಕ್ತದ ಲೇಪವನ್ನು ಗಾಜಿನ ಮೇಲೆ ಎಳೆದು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಲೇಪದ ಅಂಚಿನಲ್ಲಿ ಪ್ಲೇಟ್‌ಲೆಟ್‌ಗಳು ಗುಂಪುಗುಂಪಾಗಿ ಅಂಟಿಕೊಂಡಿದ್ದವು. ಔಷಧದಿಂದ ಗಟ್ಟಿಯಾದ ನಾಳದಿಂದ ರಕ್ತ ನಿಧಾನವಾಗಿ ಇಳಿದಿತ್ತು, ನಳಿಕೆಯಲ್ಲಿ ಇಡಿಟಿಎಯೊಡನೆ ಬೆರೆಯುವ ಮೊದಲೇ ಹೆಪ್ಪು ಆರಂಭವಾಗಿತ್ತು. ರಂಧ್ರ ದಾಟುವ ಗುಂಪನ್ನು ಯಂತ್ರ ಪ್ಲೇಟ್‌ಲೆಟ್ ಎಂದು ಎಣಿಸುವುದಿಲ್ಲ. ಮತ್ತೊಂದು ಕೈಯಿಂದ ರಕ್ತ ತೆಗೆದರು: 1,38,000. ಕೆಲವರ ರಕ್ತದಲ್ಲಿ ಇಡಿಟಿಎಯೇ ಹೀಗೆ ಗುಂಪುಗೂಡಿಸುವುದುಂಟು. ಅವರಿಗೆ ಸಿಟ್ರೇಟ್ ಇರುವ ನೀಲಿ ಮುಚ್ಚಳದ ನಳಿಕೆ ಬಳಸುತ್ತಾರೆ. ಪ್ರತಿಕಾರನ ಕೈತಪ್ಪನ್ನು ಮೂಲಪಾಠವೆಂದು ನಂಬಿ ವ್ಯಾಖ್ಯಾನ ಬರೆದವರ ಕಥೆಗಳು ನಮ್ಮ ಗ್ರಂಥಸಂಪಾದನೆಯಲ್ಲಿ ಬೇಕಾದಷ್ಟಿವೆ. ಆ ವೈದ್ಯೆ ಮೂಲವನ್ನು ನೋಡಿದರು. ಆರನೆಯ ಸುತ್ತು ನಿಗದಿಯಾದ ದಿನವೇ ನಡೆಯಿತು.

ನಮ್ಮ ಮಲೆನಾಡಿನವರಿಗೆ ಪ್ಲೇಟ್‌ಲೆಟ್ ಎಂಬ ಮಾತು ಬೇರೆ ದಾರಿಯಿಂದ ಪರಿಚಿತ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿ, ಉಣ್ಣೆಗಳಿಂದ ಮನುಷ್ಯರಿಗೂ ತಗುಲಿದ ಮಂಗನ ಕಾಯಿಲೆಯಲ್ಲಿ ಬಿಳಿಕಣಗಳೂ ಪ್ಲೇಟ್‌ಲೆಟ್‌ಗಳೂ ಇಳಿಯುತ್ತವೆ. ಈಚೆಗೆ ಡೆಂಗಿಯ ಕಾಲದಲ್ಲಿ ಜನ ವರದಿಯ ಉಳಿದ ಸಾಲುಗಳನ್ನೆಲ್ಲ ಬಿಟ್ಟು ಪ್ಲೇಟ್‌ಲೆಟ್ ಎಷ್ಟೆಂದು ಮಾತ್ರ ಕೇಳುತ್ತಾರೆ. ಅಲ್ಲಿ ಅಷ್ಟೇ ಮುಖ್ಯವಾದ ಮತ್ತೊಂದು ಸಾಲಿದೆ: ರಕ್ತದಲ್ಲಿ ಕೆಂಪುಕಣಗಳ ಪಾಲನ್ನು ಹೇಳುವ ಹೆಮಟೋಕ್ರಿಟ್. ಅದು ರೋಗಿಯ ಮೊದಲಿನ ಮಟ್ಟಕ್ಕಿಂತ ನೂರಕ್ಕೆ ಇಪ್ಪತ್ತರಷ್ಟು ಏರಿದರೆ ರಕ್ತದ ನೀರು ನಾಳಗಳಿಂದ ಹೊರಗೆ ಸೋರುತ್ತಿದೆಯೆಂದು ಅರ್ಥ. ಡೆಂಗಿಯಲ್ಲಿ ಪ್ರಾಣಕ್ಕೆ ಅಪಾಯ ತರುವುದು ಹೆಚ್ಚಾಗಿ ಆ ಸೋರಿಕೆ, ಅದೂ ಜ್ವರ ಇಳಿದು ಮನೆಯವರು ನೆಮ್ಮದಿಪಡುವ ದಿನಗಳಲ್ಲಿ.

ಕೆಂಪುಕಣದ ಗಾತ್ರ ದೊಡ್ಡದಾಗುವ ರಕ್ತಹೀನತೆಯ ಕಥೆಯೂ ನಮ್ಮ ದೇಶದಲ್ಲಿಯೇ ತೆರೆದುಕೊಂಡಿತು. 1928ರಲ್ಲಿ ಬೊಂಬಾಯಿಗೆ ಬಂದ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ, ಬಟ್ಟೆ ಗಿರಣಿಗಳಲ್ಲಿ ದುಡಿಯುವ ಬಸುರಿಯರ ರಕ್ತಹೀನತೆಗೆ ಈಸ್ಟಿನಿಂದ ಮಾಡಿದ ಅಗ್ಗದ ತಿನಿಸೊಂದು ಮದ್ದಾಗುವುದನ್ನು ತೋರಿಸಿದಳು. ಅದರಲ್ಲಿದ್ದ ಅಂಶವೇ ಫೋಲಿಕ್ ಆಮ್ಲ. 1940ರ ದಶಕದಲ್ಲಿ ಅದನ್ನು ಅಮೆರಿಕದಲ್ಲಿ ಕೃತಕವಾಗಿ ತಯಾರಿಸಿದ ತಂಡದ ನಾಯಕ ಭೀಮಾವರದಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಸಸ್ಯಾಹಾರಿಗಳಲ್ಲಿ ಬಿ12ರ ಕೊರತೆಯಿಂದಲೂ ಕಣಗಳು ಹೀಗೆಯೇ ಹಿಗ್ಗುತ್ತವೆ. ಕಬ್ಬಿಣ ಮತ್ತು ಬಿ12 ಎರಡೂ ಕಡಿಮೆಯಾದಾಗ ಚಿಕ್ಕವೂ ದೊಡ್ಡವೂ ಬೆರೆತು ಸರಾಸರಿ ಸರಿಯಾಗಿಯೇ ಕಾಣಬಹುದು. ಕಣಗಳ ಗಾತ್ರದ ಏರುಪೇರನ್ನು ಹೇಳುವ ಆರ್‌ಡಿಡಬ್ಲ್ಯೂ ಎಂಬ ಸಾಲು ಮಾತ್ರ ಆಗ ಗುಟ್ಟನ್ನು ಬಿಟ್ಟುಕೊಡುತ್ತದೆ. ನಮ್ಮ ಮನೆಗಳಲ್ಲಿ ಹಾಲು ಮೊಸರನ್ನೂ ತ್ಯಜಿಸುವ ವ್ರತಸ್ಥರು ಇದನ್ನು ತಿಳಿದಿರುವುದು ಒಳ್ಳೆಯದು.

ಎಂಟು ಸುತ್ತುಗಳು ಮುಗಿದು ಈಗ ಎರಡು ವರ್ಷ. ಮೂರು ತಿಂಗಳಿಗೊಮ್ಮೆ ತಪಾಸಣೆ ಇದೆ. ರೋಗ ಮರಳಿದೆಯೇ ಎಂಬುದನ್ನು ನೋಡಲು ಬೇರೆ ಪರೀಕ್ಷೆಗಳುಂಟು, ಸಿಬಿಸಿ ಅವುಗಳಲ್ಲಿ ಒಂದು ಮಾತ್ರ. ಅಕ್ಕ ಹಳೆಯ ಹಾಜರಿ ಪುಸ್ತಕವೊಂದರಲ್ಲಿ ಗೆರೆ ಎಳೆದು ಅಂಕಣಗಳನ್ನು ಮಾಡಿಕೊಂಡಿದ್ದಾಳೆ. ತಾರೀಖು, ಹಿಮೋಗ್ಲೋಬಿನ್, ಎಂಸಿವಿ, ಬಿಳಿಕಣ, ಪ್ಲೇಟ್‌ಲೆಟ್. ಕೊನೆಯ ಅಂಕಣದಲ್ಲಿ ಆ ದಿನ ತೋಟದ ಇಳಿಜಾರನ್ನು ಎಷ್ಟು ಸಲ ನಿಂತು ಹತ್ತಿದಳೆಂಬುದು. ಕಳೆದ ತಿಂಗಳ ಸಾಲಿನಲ್ಲಿ 12.3, 90, 5,800, 2,10,000 ಎಂದಿದೆ. ಕೊನೆಯ ಅಂಕಣದಲ್ಲಿ 'ಒಂದು ಸಲ, ಅದೂ ಅಡಿಕೆ ಮರ ನೋಡಲಿಕ್ಕೆ' ಎಂದು ಬರೆದಿದ್ದಾಳೆ.